ತಾವು ಆಡದ ಟೂರ್ನಿಗಾಗಿ ಆಡುವ ಹುಡುಗರು

ಸಾಮಾನ್ಯವಾಗಿ ಪ್ರತಿ ವರ್ಷ ಡಿಸೆಂಬರ್ 26ಕ್ಕೆ ಶುರುವಾಗಿ ಜನವರಿ 5ರ ಸುಮಾರಿಗೆ ಮುಗಿಯುವ ಒಂದು ಟೂರ್ನಿ ಇದೆ. ವಿಶ್ವ ಜೂನಿಯರ್ ಐಸ್ ಹಾಕಿ ಚಾಂಪಿಯನ್‌ಶಿಪ್. 1977ರಿಂದ ಅಧಿಕೃತವಾಗಿ ನಡೆದುಕೊಂಡು ಬಂದಿದೆ. ಹತ್ತು ದೇಶ, ಇಪ್ಪತ್ತರೊಳಗಿನ ಹುಡುಗರು. ಕೆನಡಾದಲ್ಲಂತೂ ಕ್ರಿಸ್‌ಮಸ್ ಮುಗಿದ ಮರುದಿನ ಮನೆಮಂದಿಯೆಲ್ಲ ಟಿವಿ ಮುಂದೆ ಕೂರುವುದು ಇದಕ್ಕೇ. ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಇದನ್ನು ನೋಡುವವರು ಬಹಳ ಕಡಿಮೆ. ನಾನು ನೋಡುತ್ತೇನೆ, ನಮ್ಮ ಸೋದರಮಾವ ನೋಡುತ್ತಾರೆ. ಈ ಟೂರ್ನಿಯಲ್ಲಿ ಒಂದು ಸಂಗತಿ ಇದೆ, ಅದನ್ನು ಕನ್ನಡದಲ್ಲಿ ಒಮ್ಮೆ ಬರೆದಿಡಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ಅದು ವಯಸ್ಸಿನ ಲೆಕ್ಕದ ಸಂಗತಿ. ಟೂರ್ನಿಯನ್ನು ಅದು ಮುಗಿಯುವ ವರ್ಷದ ಹೆಸರಿನಿಂದ ಕರೆಯುತ್ತಾರೆ. 2025ರ ಟೂರ್ನಿಗೆ 2005 ಅಥವಾ ಅದರ ನಂತರ ಹುಟ್ಟಿದವರು ಮಾತ್ರ ಆಡಬಹುದಿತ್ತು. ಮರುವರ್ಷ 2006. ಹತ್ತೊಂಬತ್ತರ ಹುಡುಗನಿಗೆ ಅದೇ ಕೊನೆ. ಎಷ್ಟೇ ಚೆನ್ನಾಗಿ ಆಡಲಿ, ಮುಂದಿನ ವರ್ಷ ಅವನಿಗೆ ಆ ಅಂಗಿ ಇಲ್ಲ.

ಇದರ ಜೊತೆಗೆ ಇನ್ನೊಂದು ನಿಯಮ. ಮೇಲಿನ ಗುಂಪಿನಲ್ಲಿ ಹತ್ತೇ ತಂಡಗಳಿಗೆ ಜಾಗ. ಐದೈದರ ಎರಡು ಗುಂಪು ಮಾಡಿ ಆಡಿಸುತ್ತಾರೆ. ಎರಡೂ ಗುಂಪಿನಲ್ಲಿ ಕೊನೆಗೆ ಉಳಿದವರು ಒಬ್ಬರ ಮೇಲೊಬ್ಬರು ಆಡಬೇಕು. ಸೋತವರು ಕೆಳಗಿನ ಡಿವಿಜನ್‌ಗೆ ಇಳಿಯುತ್ತಾರೆ. ಕೆಳಗಿನ ಡಿವಿಜನ್‌ನಲ್ಲಿ ಮೊದಲು ಬಂದವರು ಮುಂದಿನ ವರ್ಷ ಮೇಲೆ ಬರುತ್ತಾರೆ. ಅದರ ಕೆಳಗೆ ಮತ್ತೊಂದು, ಅದರ ಕೆಳಗೆ ಮಗದೊಂದು, ಹೀಗೆ ಮೂರನೇ ಡಿವಿಜನ್‌ವರೆಗೆ ಮೆಟ್ಟಿಲು ಇವೆ.

ಈಗ ಈ ಎರಡು ನಿಯಮ ಸೇರಿಸಿ ನೋಡಿ. ಕೆಳಗಿನ ಡಿವಿಜನ್ ಗೆದ್ದು ತನ್ನ ದೇಶವನ್ನು ಮೇಲೆ ಏರಿಸಿದ ಹತ್ತೊಂಬತ್ತರ ಹುಡುಗ ಮೇಲೆ ಆಡುವುದೇ ಇಲ್ಲ. ಕೆನಡಾ, ಸ್ವೀಡನ್, ಅಮೆರಿಕದ ಎದುರು ತುಂಬಿದ ಸ್ಟೇಡಿಯಮ್ಮಿನಲ್ಲಿ ನಿಲ್ಲುವ ಭಾಗ್ಯ ಅವನದಲ್ಲ, ಅವನಿಗಿಂತ ಒಂದೆರಡು ವರ್ಷ ಚಿಕ್ಕವರದು. ಹಾಗೆಯೇ ಕೊನೆಯ ಮ್ಯಾಚು ಸೋತು ದೇಶವನ್ನು ಕೆಳಗೆ ಇಳಿಸಿದ ಹುಡುಗ ತಾನು ಕೆಳಗೆ ಹೋಗಿ ಆಡುವುದಿಲ್ಲ. ಅದನ್ನೂ ಚಿಕ್ಕವರೇ ತೀರಿಸಬೇಕು. ದೊಡ್ಡವರ ಲೀಗುಗಳಲ್ಲಿ ಹೀಗಿಲ್ಲ. ಅಲ್ಲಿ ತಂಡ ಮೇಲೆ ಹೋದರೆ ಆಟಗಾರನೂ ಜೊತೆಗೆ ಹೋಗಬಹುದು. ಇಲ್ಲಿ ಹುಡುಗರು ತಾವು ಆಡದ ಟೂರ್ನಿಗಾಗಿ ಆಡುತ್ತಾರೆ. ಅದನ್ನು ಗೊತ್ತಿದ್ದೂ ಮೈಮುರಿದು ಆಡುತ್ತಾರೆ. ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿದ್ದು ಇದು.

ನಮ್ಮ ಸೋದರಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಮಾಮಾ ಇರುವುದು ಗದಗ-ಬೆಟಗೇರಿಯಲ್ಲಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹರೆಯದಲ್ಲಿ ಹಾಕಿ ಗೋಲ್‌ಕೀಪರ್. ನಮ್ಮ ಕಡೆ ಹಾಕಿ ಅಂದರೆ ಹುಬ್ಬಳ್ಳಿಯ ಸೆಟ್ಲ್‌ಮೆಂಟ್, ಬೆಟಗೇರಿಯ ಸೆಟ್ಲ್‌ಮೆಂಟ್, ರೈಲ್ವೆ ಮೈದಾನ. ಕ್ರಿಕೆಟ್ ಎಲ್ಲ ಓಣಿಗಳನ್ನೂ ನುಂಗಿದ ಮೇಲೂ ಅಲ್ಲಿ ಹಾಕಿ ಸ್ಟಿಕ್ಕು ಹಿಡಿದ ಹುಡುಗರು ಸಿಗುತ್ತಾರೆ. ಮಾಮಾ ಈಗಲೂ ಸಂಜೆ ಮೈದಾನಕ್ಕೆ ಹೋಗಿ ಸಣ್ಣ ಹುಡುಗರಿಗೆ ಗೋಲ್‌ಕೀಪಿಂಗ್ ಹೇಳಿಕೊಡುತ್ತಾರೆ. ಅದಕ್ಕೆ ಅವರು ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ.

2024ರ ಡಿಸೆಂಬರ್ ಕೊನೆಗೆ ಮಾಮಾ ನಮ್ಮ ಹುಬ್ಬಳ್ಳಿ ಮನೆಯಲ್ಲಿದ್ದರು. ಆ ಸಲ ಟೂರ್ನಿ ಕೆನಡಾದ ಒಟ್ಟಾವಾದಲ್ಲಿ. ಡಿಸೆಂಬರ್ 27ರ ರಾತ್ರಿ ಅಲ್ಲಿ ಏಳೂವರೆಗೆ ಶುರುವಾಗುವ ಮ್ಯಾಚು ನಮಗೆ 28ರ ಬೆಳಿಗ್ಗೆ ಆರಕ್ಕೆ. ಶನಿವಾರ. ನಾನು ಲ್ಯಾಪ್‌ಟಾಪ್ ಹಚ್ಚಿ ಕೂತಿದ್ದೆ. ಮಾಮಾ ವಾಕಿಂಗ್ ಹೋಗಲು ಮಫ್ಲರ್ ಸುತ್ತಿಕೊಂಡು ಹೊರಬಂದವರು ಪರದೆ ನೋಡಿ ನಿಂತರು.

"ಇದೆಂಥಾ ಹಾಕಿಲೇ ತಮ್ಮಾ, ಗೋಲಿನ ಹಿಂದ ಹೋಗಿ ಆಡಾಕತ್ತಾರಲ್ಲ!"

ಅವರಿಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ನಮ್ಮ ಹಾಕಿಯಲ್ಲಿ ಗೋಲಿನ ಗೆರೆಯೇ ಮೈದಾನದ ಕೊನೆ. ಐಸ್ ಹಾಕಿಯಲ್ಲಿ ಗೋಲಿನ ಹಿಂದೆಯೂ ಜಾಗ ಇರುತ್ತದೆ. ಅಲ್ಲಿಂದ ಪಕ್, ಅಂದರೆ ಚೆಂಡಿನ ಬದಲು ಬಳಸುವ ಬಿಲ್ಲೆ, ತೆಗೆದುಕೊಂಡು ಎಡಕ್ಕೆ ಬಂದಂತೆ ಮಾಡಿ ಬಲಕ್ಕೆ ಹಾಕುತ್ತಾರೆ. ಗೋಲ್‌ಕೀಪರ್ ಕುತ್ತಿಗೆ ಹೊರಳಿಸಿ ಹೊರಳಿಸಿ ನೋಡಬೇಕು. "ಬೆನ್ನ ಹಿಂದ ವೈರಿ ಇಟ್ಕೊಂಡು ಗೋಲ್ ಕಾಯೂದು ಅಂದ್ರ ಏನು" ಅಂತ ಮಾಮಾ ಕುರ್ಚಿ ಎಳೆದುಕೊಂಡು ಕೂತರು. ವಾಕಿಂಗ್ ಅಲ್ಲಿಗೆ ನಿಂತಿತು.

ಮ್ಯಾಚು ಕೆನಡಾಕ್ಕೂ ಲಾಟ್ವಿಯಾಕ್ಕೂ. ಈ ಟೂರ್ನಿಯಲ್ಲಿ ಅತಿ ಹೆಚ್ಚು ಚಿನ್ನ ಗೆದ್ದ ದೇಶ ಕೆನಡಾ. 2023ರಲ್ಲಿ ಗೆದ್ದದ್ದು ಇಪ್ಪತ್ತನೆಯದು. ಲಾಟ್ವಿಯಾ ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ. ಅಲ್ಲಿನ ಒಟ್ಟು ಜನಸಂಖ್ಯೆ ಹತ್ತೊಂಬತ್ತು ಲಕ್ಷವನ್ನೂ ಮುಟ್ಟುವುದಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಧಾರವಾಡ ಜಿಲ್ಲೆಯೊಂದರ ಜನಸಂಖ್ಯೆಯೇ 18.47 ಲಕ್ಷ. ಅಂದರೆ ಕಲಘಟಗಿ, ಕುಂದಗೋಳ, ನವಲಗುಂದ, ಹುಬ್ಬಳ್ಳಿ, ಧಾರವಾಡ ಎಲ್ಲ ಸೇರಿಸಿ ನಮ್ಮ ಜಿಲ್ಲೆಯ ಹುಡುಗರನ್ನೇ ಆರಿಸಿ ಒಂದು ತಂಡ ಮಾಡಿ ಕೆನಡಾದ ಮೇಲೆ, ಕೆನಡಾದ ಮಂಜಿನ ಮೇಲೆ, ಕೆನಡಾದ ಜನರ ಎದುರು ಬಿಟ್ಟ ಹಾಗೆ. ಮಾಮಾಗೆ ಇದನ್ನು ಹೇಳಿದಾಗ ಅವರು ಪರದೆಯಿಂದ ಕಣ್ಣು ತೆಗೆಯದೆ "ಹಂಗಾದ್ರ ನಾವು ಇವರ ಕಡೆ" ಅಂದರು.

ಲಾಟ್ವಿಯಾದ ಗೋಲ್‌ಕೀಪರ್ ಹೆಸರು ಲಿನಾರ್ಡ್ಸ್ ಫೆಲ್ಡ್‌ಬರ್ಗ್ಸ್. ಆ ದಿನ ಅವನು ಆಡಿದ ಆಟವನ್ನು ಗೋಲ್‌ಕೀಪರ್ ಒಬ್ಬರ ಪಕ್ಕ ಕೂತು ನೋಡಿದ್ದು ನನ್ನ ಪುಣ್ಯ. ನಾನೊಬ್ಬನೇ ನೋಡಿದ್ದರೆ ಪಕ್ ಮಾತ್ರ ಕಾಣುತ್ತಿತ್ತು. ಪಕ್ ಅಂದರೆ ಏಳೂವರೆ ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಪುಟಿಯಬಾರದು ಅಂತ ಆಟಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಹೊಡೆದರೆ ಕಣ್ಣಿಗೆ ಕಾಣದಷ್ಟು ವೇಗ. ಮಾಮಾ ಪಕ್ ನೋಡಲೇ ಇಲ್ಲ. ಆ ಹುಡುಗನ ಮೊಣಕಾಲು ನೋಡಿದರು.

"ನಾವು ನಿಂತು ತಡೀತಿದ್ವಿ. ಇಂವ ನೋಡು, ಮಣಕಾಲ ಊರಿ ಎರಡೂ ಕಾಲು ಹೊರಗ ಚಾಚ್ತಾನ. ಕೆಳಗಿಂದು ಪೂರಾ ಬಂದ್. ಮ್ಯಾಲಿಂದು ಕೈಗೆ ಬಿಟ್ಟಾನ."

ಐಸ್ ಹಾಕಿಯ ಗೋಲು ಚಿಕ್ಕದು. ಅಗಲ 1.83 ಮೀಟರ್, ಎತ್ತರ 1.22 ಮೀಟರ್. ನಮ್ಮ ಹಾಕಿಯ ಗೋಲು ಅದರ ಎರಡರಷ್ಟು ಅಗಲ, 3.66 ಮೀಟರ್. ಎತ್ತರ 2.14. ಗೋಲು ಚಿಕ್ಕದಾದಷ್ಟೂ ಕೆಲಸ ಸುಲಭ ಅಂತ ಹೊರಗಿನಿಂದ ಅನ್ನಿಸುತ್ತದೆ. ಮಾಮಾ ಹೇಳಿದ್ದು ಬೇರೆ. ಗೋಲು ಚಿಕ್ಕದಾದರೆ ಹೊಡೆಯುವವನು ಹತ್ತಿರ ಬಂದೇ ಹೊಡೆಯುತ್ತಾನೆ, ಮುಂದೆ ಮಂದಿ ಗುಂಪುಗಟ್ಟುತ್ತದೆ, ಚೆಂಡು ಬರುವುದೇ ಕಾಣುವುದಿಲ್ಲ. ಕಾಣದ್ದನ್ನು ತಡೆಯಬೇಕಾದರೆ ಎಲ್ಲಿ ಕೂರಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಅವರು ಅದನ್ನು ಹೇಳುತ್ತಿದ್ದಾಗಲೇ ಪರದೆಯ ಮೇಲೆ ಅದೇ ಆಯಿತು. ಫೆಲ್ಡ್‌ಬರ್ಗ್ಸ್ ಎದುರು ಮೂವರು ನಿಂತಿದ್ದರು, ಹೊಡೆತ ಬಂತು, ಅವನ ಪ್ಯಾಡಿಗೆ ಬಡಿದು ಪಕ್ಕಕ್ಕೆ ಹೋಯಿತು. ಅವನು ತಲೆ ತಿರುಗಿಸಿ ಎಲ್ಲಿ ಹೋಯಿತು ಅಂತ ಹುಡುಕಿದ. ಪಕ್ ಅವನನ್ನು ಹುಡುಕಿಕೊಂಡು ಬಂದಿತ್ತು, ಅವನು ಸರಿಯಾದ ಕಡೆ ಕೂತಿದ್ದ.

ಕೆನಡಾ ಮುಂದಿತ್ತು. ಇಪ್ಪತ್ತು ನಿಮಿಷದ ಮೂರು ಅವಧಿಗಳಲ್ಲಿ ಮೂರನೆಯದು ಮುಗಿಯಲು ಮೂರು ನಿಮಿಷವೂ ಉಳಿದಿರಲಿಲ್ಲ, ಆಗ ಲಾಟ್ವಿಯಾ ಸಮ ಮಾಡಿತು. 2-2. ಹೆಚ್ಚುವರಿ ಸಮಯದಲ್ಲಿ ಗೋಲಿಲ್ಲ. ಶೂಟೌಟ್. ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು. ಒಂದು, ಎರಡು, ಮೂರು. ಯಾರಿಗೂ ಗೋಲು ಬರಲಿಲ್ಲ. ಎಂಟನೇ ಸುತ್ತಿನಲ್ಲಿ ಲಾಟ್ವಿಯಾದ ಎರಿಕ್ಸ್ ಮಟೆಯ್ಕೊ ಹಾಕಿದ. ಫೆಲ್ಡ್‌ಬರ್ಗ್ಸ್ ಎಂಟನ್ನೂ ತಡೆದಿದ್ದ. ಆಟದೊಳಗೆ ಅವನು ತಡೆದದ್ದು 55. ಈ ಟೂರ್ನಿಯಲ್ಲಿ ಲಾಟ್ವಿಯಾ ಕೆನಡಾವನ್ನು ಸೋಲಿಸಿದ್ದು ಅದೇ ಮೊದಲು.

ಮಾಮಾ ಎದ್ದು ನಿಂತು ಮಫ್ಲರ್ ತೆಗೆದು ಹೆಗಲಿಗೆ ಹಾಕಿಕೊಂಡರು. ಕಣ್ಣು ತುಂಬಿದ್ದವು. ಒಳಗಿನಿಂದ ಅವ್ವ "ಚಾ ಆರಾಕತ್ತೈತಿ" ಅಂತ ಕೂಗುತ್ತಿದ್ದಳು.

ಆಮೇಲೆ ಅವರಿಗೆ ನಾನು ಆ ತಂಡದ ಹಿಂದಿನ ಕತೆ ಹೇಳಿದೆ. ಲಾಟ್ವಿಯಾ ಮೇಲಿನ ಹತ್ತರಲ್ಲಿ ಉಳಿದದ್ದು ಹೇಗೆ ಅಂತ. 2022ರ ಟೂರ್ನಿ ಕೋವಿಡ್‌ನಿಂದ ಅರ್ಧಕ್ಕೇ ನಿಂತು, ಅದೇ ವರ್ಷ ಆಗಸ್ಟ್‌ನಲ್ಲಿ ಎಡ್ಮಂಟನ್‌ನಲ್ಲಿ ಮೊದಲಿನಿಂದ ನಡೆಯಿತು. ಉಕ್ರೇನ್ ಯುದ್ಧದ ಕಾರಣಕ್ಕೆ ರಷ್ಯಾವನ್ನು ಹೊರಗಿಟ್ಟಿದ್ದರು. ಆ ಜಾಗಕ್ಕೆ ಲಾಟ್ವಿಯಾ ಬಂತು. ಬಂದ ಹುಡುಗರು ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿದರು. ಮುಂದಿನ ಟೂರ್ನಿಯಲ್ಲಿ, 2023ರ ಜನವರಿಯಲ್ಲಿ ಹ್ಯಾಲಿಫ್ಯಾಕ್ಸ್-ಮಾಂಕ್ಟನ್‌ನಲ್ಲಿ, ಅದೇ ಲಾಟ್ವಿಯಾ ಕೊನೆಗೆ ಬಿದ್ದಿತು. ಆಸ್ಟ್ರಿಯಾ ಮೇಲೆ ಆಡಿ ಗೆದ್ದು ಜಾಗ ಉಳಿಸಿಕೊಂಡಿತು. ಆಸ್ಟ್ರಿಯಾ ಇಳಿಯಿತು. ಆ ಮ್ಯಾಚುಗಳನ್ನು ನೋಡಲು ದೊಡ್ಡ ಜನಸಂದಣಿ ಇರುವುದಿಲ್ಲ. ಆ ಹೊತ್ತಿಗೆ ಎಲ್ಲರ ಕಣ್ಣು ಸೆಮಿಫೈನಲ್ ಮೇಲೆ. ಅಲ್ಲಿ ಗೆದ್ದ ಲಾಟ್ವಿಯಾದ ಹತ್ತೊಂಬತ್ತರ ಹುಡುಗರು, 2003ರಲ್ಲಿ ಹುಟ್ಟಿದವರು, ಆ ದಿನವೇ ಜೂನಿಯರ್ ಅಂಗಿ ಕಳಚಿಟ್ಟರು. ಒಟ್ಟಾವಾದಲ್ಲಿ ಕೆನಡಾ ಸೋತ ರಾತ್ರಿ ಅವರು ಎಲ್ಲೋ ಬೇರೆ ಲೀಗಿನಲ್ಲಿ ಆಡುತ್ತಿದ್ದಿರಬೇಕು, ಇಲ್ಲವೇ ಮನೆಯಲ್ಲಿ ಟಿವಿ ಮುಂದೆ ಇದ್ದಿರಬೇಕು. ಫೆಲ್ಡ್‌ಬರ್ಗ್ಸ್ ಕೂತ ಆ ಗೋಲಿನ ಜಾಗ ಅವರು ಉಳಿಸಿ ಕೊಟ್ಟದ್ದು.

"ಅವರ ಹೆಸರು ಹೇಳು" ಅಂದರು ಮಾಮಾ. ನಾನು ಹುಡುಕಿ ಆ ತಂಡದ ಪಟ್ಟಿ ತೆಗೆದು ಓದಿ ಹೇಳಿದೆ. ಒಂದೊಂದು ಹೆಸರಿಗೂ ಅವರು ತಲೆ ಆಡಿಸಿದರು.

ಜರ್ಮನಿಯದು ಇನ್ನೂ ಉದ್ದದ ಸರಪಳಿ. 2018ರ ಡಿಸೆಂಬರ್‌ನಲ್ಲಿ ಜರ್ಮನಿಯ ಹುಡುಗರು ತಮ್ಮದೇ ದೇಶದ ಫ್ಯೂಸ್ಸೆನ್ ಎಂಬ ಊರಿನಲ್ಲಿ ಕೆಳಗಿನ ಡಿವಿಜನ್ ಗೆದ್ದರು. 2020ರಲ್ಲಿ ಮೇಲೆ ಬಂದ ಜರ್ಮನಿ ಕೊನೆಗೆ ಬಿದ್ದು, ಕಝಾಕಸ್ತಾನವನ್ನು ಸೋಲಿಸಿ ಕೂದಲೆಳೆಯಲ್ಲಿ ಉಳಿಯಿತು. 2021ರ ಟೂರ್ನಿ ಎಡ್ಮಂಟನ್‌ನಲ್ಲಿ, ಕೋವಿಡ್ ಕಾಲ, ಪ್ರೇಕ್ಷಕರೇ ಇಲ್ಲದ ಸ್ಟೇಡಿಯಂ. ಜರ್ಮನಿಯ ಹಲವು ಆಟಗಾರರು ಕ್ವಾರಂಟೈನ್‌ನಲ್ಲಿ. ಗೋಲ್‌ಕೀಪರ್‌ಗಳನ್ನು ಬಿಟ್ಟರೆ ಮಂಜಿಗೆ ಇಳಿಯಲು ಹದಿನಾಲ್ಕೇ ಮಂದಿ ಇದ್ದರು.

ಈ ಹದಿನಾಲ್ಕು ಅನ್ನುವುದರ ಕಷ್ಟ ಈ ಆಟ ನೋಡಿದವರಿಗೆ ಗೊತ್ತು. ಐಸ್ ಹಾಕಿಯಲ್ಲಿ ಒಮ್ಮೆಗೆ ಐವರು ಮತ್ತು ಒಬ್ಬ ಗೋಲ್‌ಕೀಪರ್. ಆದರೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಸಾಮಾನ್ಯವಾಗಿ ಮುಕ್ಕಾಲು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೇ ಸಮ ಆಡುವುದಿಲ್ಲ. ಮೈಯಲ್ಲಿದ್ದ ಕಸುವನ್ನೆಲ್ಲ ನಲವತ್ತೈದು ಸೆಕೆಂಡಿನಲ್ಲಿ ಸುರಿದು, ಕಟ್ಟೆ ಹಾರಿ ಬೆಂಚಿಗೆ ಬಂದು ಕೂರುತ್ತಾರೆ. ಆಟ ನಿಲ್ಲುವುದಿಲ್ಲ, ಓಡುತ್ತಿರುವಾಗಲೇ ಮುಂದಿನ ಐವರು ಇಳಿಯುತ್ತಾರೆ. ಅದಕ್ಕೇ ಇಪ್ಪತ್ತು ಮಂದಿ ಬೇಕು. ಹದಿನಾಲ್ಕೇ ಮಂದಿ ಇದ್ದರೆ ಕೂರುವ ಹೊತ್ತು ಕಡಿಮೆ, ಉಸಿರು ಸರಿಹೋಗುವ ಮೊದಲೇ ಮತ್ತೆ ಇಳಿಯಬೇಕು. ಡಿಸೆಂಬರ್ 25ಕ್ಕೆ ಫಿನ್‌ಲ್ಯಾಂಡ್ ಎದುರು 5-3ರಿಂದ ಸೋತರು. ಮರುದಿನವೇ ಕೆನಡಾ ಎದುರು ಆಡಬೇಕಾಯಿತು. 16-2.

ಹದಿನಾರು ಗೋಲು. ಆ ಅಂಕ ನೋಡಿದವರು ಈ ತಂಡದ ಕತೆ ಮುಗಿಯಿತು ಅಂದುಕೊಂಡರು. ಹುಡುಗರು ಎರಡು ದಿನ ಬಿಟ್ಟು ಸ್ಲೊವಾಕಿಯಾವನ್ನು ಹೆಚ್ಚುವರಿ ಸಮಯದಲ್ಲಿ ಸೋಲಿಸಿದರು. ಆಮೇಲೆ ಸ್ವಿಟ್ಜರ್ಲೆಂಡ್ ಮೇಲೆ 5-4. ಕ್ವಾರ್ಟರ್ ಫೈನಲ್! ಅಲ್ಲಿ ರಷ್ಯಾ ಎದುರು 2-1ರಿಂದ ಸೋತರು, ಒಂದೇ ಗೋಲಿನ ಅಂತರ. ನಾಯಕ ಟಿಮ್ ಸ್ಟುಟ್ಸ್ಲೆ ಆ ಟೂರ್ನಿಯ ಅತ್ಯುತ್ತಮ ಫಾರ್ವರ್ಡ್ ಅನ್ನಿಸಿಕೊಂಡ. ಅವನ ಹೆಸರು ಎಲ್ಲರಿಗೂ ಗೊತ್ತು. ಫ್ಯೂಸ್ಸೆನ್‌ನಲ್ಲಿ ಏಣಿ ಹತ್ತಿಸಿದ, 1999ರಲ್ಲಿ ಹುಟ್ಟಿದ ಹುಡುಗರ ಹೆಸರು ಜರ್ಮನಿಯ ಹೊರಗೆ ಎಷ್ಟು ಮಂದಿಗೆ ಗೊತ್ತು? ಅವರು ಮೇಲಿನ ಗುಂಪಿನಲ್ಲಿ ಒಂದು ನಿಮಿಷವೂ ಆಡಲಿಲ್ಲ.

ಅದೇ ಟೂರ್ನಿಯಲ್ಲಿ ಆಸ್ಟ್ರಿಯಾವೂ ಇತ್ತು. ಅಮೆರಿಕ ಎದುರು 11-0. ನಾಲ್ಕು ಮ್ಯಾಚು ಸೇರಿ ಅವರು ಹಾಕಿದ ಗೋಲು ಒಂದೇ ಒಂದು. ಆ ಒಂದು ಗೋಲಿಗೆ ಬೆಂಚಿನ ಮೇಲಿನ ಹುಡುಗರು ಕುಣಿದದ್ದನ್ನು ನೋಡಬೇಕಿತ್ತು. ಸೋಲಿನ ಅಂತರ ದೊಡ್ಡದಾದರೆ ಚಿಕ್ಕ ದೇಶಗಳನ್ನು ಕರೆಯುವುದೇ ತಪ್ಪು, ಎಂಟು ತಂಡ ಸಾಕು ಅಂತ ವಾದಿಸುವವರಿದ್ದಾರೆ. ನನಗೆ ಆ ವಾದ ಕೇಳಿದರೆ ಸಿಟ್ಟು ಬರುತ್ತದೆ. 16-2 ಸೋತವರು ನಾಲ್ಕೇ ದಿನದಲ್ಲಿ ಕ್ವಾರ್ಟರ್ ಫೈನಲ್‌ಗೆ ಹೋದದ್ದನ್ನು ಕಣ್ಣಾರೆ ಕಂಡ ಮೇಲೂ ಆ ಮಾತು ಹೇಗೆ ಬರುತ್ತದೆ? ದೊಡ್ಡವರ ಎದುರು ಆಡದೆ ಯಾರೂ ದೊಡ್ಡವರಾಗುವುದಿಲ್ಲ. ಬಾಗಿಲು ಹಾಕಿ ಒಳಗಿನವರೇ ಆಡಿಕೊಂಡರೆ ಅದು ವಿಶ್ವ ಚಾಂಪಿಯನ್‌ಶಿಪ್ ಹೇಗಾಗುತ್ತದೆ, ಅಲ್ವಾ?

ದೊಡ್ಡ ದೇಶದ ಹುಡುಗರಿಗೆ ಬೇರೆ ಥರದ ಭಾರ. 2019ರ ಜನವರಿ 2, ವ್ಯಾಂಕೂವರ್. ಕ್ವಾರ್ಟರ್ ಫೈನಲ್‌ನಲ್ಲಿ ಕೆನಡಾ ಎದುರು ಫಿನ್‌ಲ್ಯಾಂಡ್. ಕೊನೆಯ ನಿಮಿಷದವರೆಗೂ ಕೆನಡಾ 1-0. ಇನ್ನು 46 ಸೆಕೆಂಡು ಇರುವಾಗ ಫಿನ್‌ಲ್ಯಾಂಡ್ ಸಮ ಮಾಡಿತು. ಹೆಚ್ಚುವರಿ ಸಮಯದಲ್ಲಿ ಕೆನಡಾಕ್ಕೆ ಪೆನಾಲ್ಟಿ ಶಾಟ್ ಸಿಕ್ಕಿತು. ನಾಯಕ ಮ್ಯಾಕ್ಸಿಮ್ ಕಾಮ್ಟ್ವಾ ಮುಂದೆ ಬಂದ. ಗೋಲಾಗಲಿಲ್ಲ. ಆಮೇಲೆ ಫಿನ್‌ಲ್ಯಾಂಡ್ ಹಾಕಿ ಗೆದ್ದಿತು, ಚಿನ್ನವನ್ನೂ ಗೆದ್ದಿತು. ಕಾಮ್ಟ್ವಾನ ಫೋನಿಗೆ ಬೈಗುಳ ಸುರಿದವು. ಅವನ ಫ್ರೆಂಚ್ ಭಾಷೆ ಹಿಡಿದು ಬೈದರು, ಅವನಿಗೆ ನಾಯಕನಾಗುವ ಯೋಗ್ಯತೆ ಇಲ್ಲ ಅಂದರು. ಆಮೇಲೆ ಗೊತ್ತಾಯಿತು, ಅವನು ಭುಜದ ಕೀಲು ಸರಿದಿದ್ದರೂ ಆಡಿದ್ದ. ಹತ್ತೊಂಬತ್ತರ ಹುಡುಗ. ಅವನಿಗೂ ಅದೇ ಕೊನೆಯ ಅವಕಾಶ. ತೊಳೆದುಕೊಳ್ಳಲು ಮುಂದಿನ ವರ್ಷ ಅನ್ನುವುದೇ ಇರಲಿಲ್ಲ.

ಇದನ್ನು ಹೇಳಿದಾಗ ಮಾಮಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಕಾಲದ್ದೊಂದು ಹೇಳಿದರು. ದಸರಾ ಕ್ರೀಡಾಕೂಟದ ವಿಭಾಗ ಮಟ್ಟದ ಮ್ಯಾಚು, ಬೆಳಗಾವಿಯಲ್ಲಿ. ಪೆನಾಲ್ಟಿ ಸ್ಟ್ರೋಕ್ ಒಬ್ಬ ಸಣ್ಣ ಹುಡುಗನಿಗೆ ಕೊಟ್ಟರು. ಅವನು ಹೊರಗೆ ಹೊಡೆದ. ಬಸ್ಸಿನಲ್ಲಿ ಗದಗಿಗೆ ಬರುವಾಗ ಅವನ ಪಕ್ಕ ಯಾರೂ ಕೂರಲಿಲ್ಲ. ಮಾಮಾ ಎದ್ದು ಹೋಗಿ ಕೂತರು. ಏನು ಮಾತಾಡಿದಿರಿ ಅಂತ ಕೇಳಿದೆ. "ಏನೂ ಇಲ್ಲ. ಶೇಂಗಾ ತಿಂದ್ವಿ." ಆ ಹುಡುಗ ಮುಂದೆ ರೈಲ್ವೆಗೆ ಆಡಿದ. ಈಗ ಅವನ ಮಗ ಮಾಮಾನ ಹತ್ತಿರ ಗೋಲ್‌ಕೀಪಿಂಗ್ ಕಲಿಯುತ್ತಾನೆ.

ಆ ಮೈದಾನಕ್ಕೆ ನಾನು ಆಗಾಗ ಹೋಗುತ್ತೇನೆ. ಸಂಜೆ ಐದಕ್ಕೆ ಹುಡುಗರು ಸೇರುತ್ತಾರೆ. ಗೋಲ್‌ಕೀಪರ್ ಪ್ಯಾಡು ಒಂದೇ ಜೊತೆ. ಅದರ ಬೆಲ್ಟಿನ ಕೊಂಡಿ ಎಂದೋ ಕಿತ್ತು ಹೋಗಿದೆ. ಸೈಕಲ್ ಟ್ಯೂಬನ್ನು ಪಟ್ಟಿಯ ಹಾಗೆ ಕತ್ತರಿಸಿ ಕಟ್ಟಿಕೊಳ್ಳುತ್ತಾರೆ. ಟ್ಯೂಬಿನ ಒಂದು ತುದಿಗೆ ಗಂಟು, ಇನ್ನೊಂದು ತುದಿಯಲ್ಲಿ ಸೀಳಿದ ತೂತು, ಗಂಟನ್ನು ತೂತಿಗೆ ಸಿಗಿಸಿದರೆ ಮುಗಿಯಿತು, ಎಷ್ಟು ಕುಣಿದರೂ ಬಿಚ್ಚುವುದಿಲ್ಲ. ದೊಡ್ಡ ಹುಡುಗ ಮೊದಲು ಆಡುತ್ತಾನೆ. ಅರ್ಧ ಗಂಟೆ ಆದ ಮೇಲೆ ಪ್ಯಾಡು ಬಿಚ್ಚಿ ಚಿಕ್ಕವನ ಕಾಲಿಗೆ ತಾನೇ ಮಂಡಿಯೂರಿ ಕಟ್ಟುತ್ತಾನೆ. ಚಿಕ್ಕವನಿಗೆ ಅದು ತೊಡೆಯವರೆಗೂ ಬರುತ್ತದೆ. ನಡೆಯಲು ಕಷ್ಟ. ಆದರೂ ಬಿಗುಮಾನದಿಂದ ಗೋಲಿನ ಕಡೆ ಹೋಗುತ್ತಾನೆ. ಮಾಮಾ ಅದನ್ನು ಯಾರಿಗೂ ಹೇಳಿ ಮಾಡಿಸಿದ್ದಲ್ಲ. ಅವರಿಗೆ ಅವರ ದೊಡ್ಡವರು ಹಾಗೆ ಕಟ್ಟಿದ್ದರು, ಅದು ನಡೆದು ಬಂದಿದೆ. ದೊಡ್ಡ ಹುಡುಗರು ಹದಿನೆಂಟಾದರೆ ರೈಲ್ವೆ, ಪೊಲೀಸ್, ಮಿಲಿಟರಿ ಅಂತ ಕ್ರೀಡಾ ಕೋಟಾದ ನೌಕರಿಗೆ ಓಡಾಡುತ್ತಾರೆ. ಸಿಕ್ಕವರು ಊರು ಬಿಡುತ್ತಾರೆ. ಸಿಗದವರು ಯಾವುದೋ ಅಂಗಡಿ, ಗ್ಯಾರೇಜು ಸೇರುತ್ತಾರೆ. ಮೈದಾನದಲ್ಲಿ ಉಳಿಯುವುದು ಪ್ಯಾಡು ಮತ್ತು ಅವರು ಹೇಳಿಕೊಟ್ಟದ್ದು.

ನಮ್ಮ ಹಾಕಿಯಲ್ಲೂ ಜೂನಿಯರ್ ವಿಶ್ವಕಪ್ ಇದೆ. 2016ರಲ್ಲಿ ಲಖನೌದಲ್ಲಿ ಭಾರತದ ಹುಡುಗರು ಬೆಲ್ಜಿಯಂ ಮೇಲೆ 2-1ರಿಂದ ಗೆದ್ದರು. ಹರ್ಮನ್‌ಪ್ರೀತ್ ಸಿಂಗ್ ಸೇರಿ ಆ ತಂಡದ ಹಲವರು 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಜೂನಿಯರ್ ತಂಡ ಅಂದರೆ ನಾವು ನೋಡುವುದೇ ಹೀಗೆ. ಇವನು ಮುಂದೆ ಏನಾಗುತ್ತಾನೆ, ಯಾವ ತಂಡಕ್ಕೆ ಹೋಗುತ್ತಾನೆ. ತಪ್ಪೇನಿಲ್ಲ. ಆದರೆ ಐಸ್ ಹಾಕಿ ನೋಡುತ್ತಾ ನೋಡುತ್ತಾ ನನಗೆ ಇವನ ಹಿಂದೆ ಬಂದವರು ಯಾರು, ಇವನಿಗೆ ಈ ಜಾಗ ಯಾರು ಬಿಟ್ಟುಕೊಟ್ಟರು ಅಂತ ಹುಡುಕುವ ಚಟ ಹತ್ತಿತು.

ಐಸ್ ಹಾಕಿಯಲ್ಲಿ ಭಾರತ ಎಲ್ಲಿದೆ ಅಂತ ಕೇಳುವವರಿಗೆ ಉತ್ತರ ಲಡಾಖಿನಲ್ಲಿದೆ. 1989ರಲ್ಲೇ ನಾವು ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯರಾದೆವು. ಪುರುಷರ ತಂಡ ಮೊದಲ ಬಾರಿಗೆ ಅಂತರರಾಷ್ಟ್ರೀಯ ಟೂರ್ನಿ ಆಡಿದ್ದು 2009ರಲ್ಲಿ, ಅಬುಧಾಬಿಯಲ್ಲಿ. ಲೇಹ್‌ನ ಕೆರೆಗಳು ಹೆಪ್ಪುಗಟ್ಟುವುದು ಚಳಿಗಾಲದ ಎರಡು-ಮೂರು ತಿಂಗಳು. ಅಷ್ಟರಲ್ಲೇ ಇಡೀ ವರ್ಷದ ಅಭ್ಯಾಸ. ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ದೊಡ್ಡ ಐಸ್ ರಿಂಕ್ ಕಟ್ಟಿದರು. ಅದು ವರ್ಷಗಟ್ಟಲೆ ಮುಚ್ಚಿತ್ತು. ಮತ್ತೆ ತೆರೆದದ್ದು 2025ರಲ್ಲಿ. ಆ ವರ್ಷಗಳಲ್ಲಿ ಹದಿನಾರರಿಂದ ಹತ್ತೊಂಬತ್ತಕ್ಕೆ ಬೆಳೆದ ಹುಡುಗ ಹುಡುಗಿಯರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅವರ ಆ ವಯಸ್ಸು ಮತ್ತೆ ಬರುವುದಿಲ್ಲ.

ಮಹಿಳಾ ತಂಡದಲ್ಲಿ ಹೆಚ್ಚಿನವರು ಲಡಾಖಿನ ಹಳ್ಳಿಗಳವರು. 2016ರಲ್ಲಿ ಮೊದಲ ಟೂರ್ನಿಗೆ ತೈಪೆಗೆ ಹೋಗಲು ಜನರಿಂದ ಹಣ ಕೂಡಿಸಿಕೊಂಡರು. ಅಲ್ಲಿ ಒಂದು ಗೆಲುವೂ ಇಲ್ಲ. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ಮೇಲೆ 4-3, ಮೊದಲ ಗೆಲುವು. ಆ ಆಟಗಾರ್ತಿಯರೇ ಚಳಿಗಾಲದಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಶಿಬಿರ ಮಾಡಿ ಪುಟ್ಟ ಹುಡುಗಿಯರಿಗೆ ಸ್ಕೇಟ್ ಕಟ್ಟಿ ನಿಲ್ಲಿಸಿದರು. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಕಂಚು ಬಂತು. ಆ ಸುದ್ದಿಯನ್ನು ನಾನು ಫೋನಿನಲ್ಲಿ ಓದಿ ಹೇಳಿದಾಗ ಮಾಮಾ ಕೇಳಿದ ಮೊದಲ ಪ್ರಶ್ನೆ: "ತೈಪೆಗೆ ಹೋದ ಹುಡುಗ್ಯಾರು ಈಗ ಏನ್ ಮಾಡ್ತಾರ?"

ನಮ್ಮಿಬ್ಬರ ನಡುವೆ ಒಂದು ವಿಷಯಕ್ಕೆ ಜಗಳ ಇದೆ, ಅದು ಇನ್ನೂ ಬಗೆಹರಿದಿಲ್ಲ. ಜೂನಿಯರ್ ಟೂರ್ನಿಯಲ್ಲಿ ಕೆಳಗೆ ಇಳಿಸುವ ನಿಯಮ ಇರಬಾರದು ಅನ್ನುವುದು ನನ್ನ ವಾದ. ಹದಿನೇಳರ ಹುಡುಗ ಏನು ತಪ್ಪು ಮಾಡಿದ? ತನಗಿಂತ ದೊಡ್ಡವರು ಜನವರಿಯ ಒಂದು ಮಧ್ಯಾಹ್ನ ಸೋತರು, ಅದಕ್ಕೆ ಅವನ ಹದಿನೆಂಟು, ತಂಡ ಮರಳಿ ಏರದಿದ್ದರೆ ಹತ್ತೊಂಬತ್ತೂ ಕೆಳಗಿನ ಡಿವಿಜನ್‌ನಲ್ಲಿ ಕಳೆಯಬೇಕು. ಒಳ್ಳೆಯ ತಂಡಗಳ ಎದುರು ಆಡುವ ಅವಕಾಶವೇ ಅವನಿಗಿಲ್ಲ. 2024ರಲ್ಲಿ ನಾರ್ವೆ ಹೀಗೆ ಇಳಿಯಿತು, 2025ರಲ್ಲಿ ಕಝಾಕಸ್ತಾನ ಇಳಿಯಿತು. ಎರಡು ಸಲವೂ ಎದುರಿಗಿದ್ದದ್ದು ಜರ್ಮನಿ. ಹತ್ತರ ಬದಲು ಹನ್ನೆರಡು ತಂಡ ಮಾಡಲಿ, ಇಳಿಸುವುದು ಬೇಡ ಅಂತ ನಾನು ಹೇಳುತ್ತೇನೆ.

ಮಾಮಾ ಒಪ್ಪುವುದಿಲ್ಲ. "ಹಂಗ ಮಾಡಿದ್ರ ಏರಿಸೂದೂ ಹೋತಲ್ಲೋ. ಕೆಳಗಿನವ ಯಾರ ಸಲುವಾಗಿ ಆಡ್ಬೇಕು?"

"ಅವಂಗ ತನ್ನ ಸಲುವಾಗಿ ಆಡಾಕ ಏನ್ರಿ ಮಾಮಾ?"

"ತನ್ನ ಸಲುವಾಗಿ ಎಲ್ಲಾರೂ ಆಡ್ತಾರ. ಬಿಡು, ನಿನಗ ಗೊತ್ತಾಗೂದಿಲ್ಲ, ನೀ ಆಡಿಲ್ಲ."

ನಾನು ಆಡಿಲ್ಲ, ನಿಜ. ಆದರೂ ಆ ಹದಿನೇಳರ ಹುಡುಗನ ಪರವಾಗಿ ಯಾರಾದರೂ ಮಾತಾಡಬೇಕು ಅನ್ನಿಸುತ್ತದೆ. ಪ್ರತಿ ಸಲ ಫೋನ್ ಮಾಡಿದಾಗಲೂ ಈ ಮಾತು ಬಂದೇ ಬರುತ್ತದೆ. ಮಾಮಾ ಒಂದು ಹೊಸ ವಾದ ಹುಡುಕಿ ಇಟ್ಟಿರುತ್ತಾರೆ, ನಾನೂ ಇಟ್ಟಿರುತ್ತೇನೆ.

2027ರ ಟೂರ್ನಿ ಕೆನಡಾದ ಎಡ್ಮಂಟನ್ ಮತ್ತು ರೆಡ್ ಡೀರ್‌ನಲ್ಲಿ. ಡಿಸೆಂಬರಿನಲ್ಲಿ ಅಲ್ಲಿಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅಲ್ಲಿ ಸಂಜೆ ಆರಕ್ಕೆ ಶುರುವಾದರೆ ನಮಗೆ ಬೆಳಿಗ್ಗೆ ಆರೂವರೆ. ನಿದ್ದೆ ಕೆಡಿಸಿಕೊಳ್ಳದೆ ನೋಡಬಹುದು. ಮೊದಲ ಸಲ ನೋಡುವವರು ಕೆನಡಾ-ಅಮೆರಿಕ ಮ್ಯಾಚಿನಿಂದ ಶುರು ಮಾಡಬಹುದು, ವೇಗ ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಜನವರಿ ಮೊದಲ ವಾರದಲ್ಲಿ ಕೊನೆಯ ಎರಡು ತಂಡಗಳ ಮ್ಯಾಚು ಇರುತ್ತದಲ್ಲ, ಅದನ್ನು ದಯವಿಟ್ಟು ನೋಡಿ. ಆಟ ಮುಗಿದ ಮೇಲೂ ಎರಡು ನಿಮಿಷ ಟಿವಿ ಆರಿಸದೆ ಬಿಡಿ. ಗೆದ್ದ ತಂಡದ ಹತ್ತೊಂಬತ್ತರ ಹುಡುಗರು ಹದಿನೇಳರವರನ್ನು ತಬ್ಬಿಕೊಂಡು ಎತ್ತುತ್ತಾರೆ. ಮಾಮಾ ಈ ಸಲ ಆ ಮ್ಯಾಚಿನ ದಿನ ಮೈದಾನದ ಹುಡುಗರನ್ನೆಲ್ಲ ಬೆಟಗೇರಿ ಮನೆಗೆ ಕರೆಯುತ್ತಾರಂತೆ. ದೊಡ್ಡ ಟಿವಿ ಇರುವುದು ಪಕ್ಕದ ಮನೆಯಲ್ಲಿ. ಅವರನ್ನು ಈಗಾಗಲೇ ಕೇಳಿ ಇಟ್ಟಿದ್ದಾರೆ. ಮಂಡಕ್ಕಿ ಮಿರ್ಚಿಯ ಜವಾಬ್ದಾರಿ ನನ್ನದು.